ಗೋಪಾಲಮ್ಮನ ಬೆರಳಿಗೆ ಸಿಕ್ಕ ಗಂಟು

ಬೆಳಗಿನ ಆರು ಗಂಟೆ. ಹೆಬ್ಬಾಳದಾಚೆಯ ಸಂಶೋಧನಾಲಯವೊಂದರ ಇಲಿಮನೆಯಲ್ಲಿ ಗೋಪಾಲಮ್ಮ ಮೊದಲ ಪಂಜರ ಎಳೆಯುತ್ತಾರೆ. ಬಿಳಿ ಇಲಿಯೊಂದನ್ನು ಅಂಗೈಗೆ ಇಳಿಸಿ, ಹೊಟ್ಟೆ ಸವರಿ, ಹೊಸ ಹೊಟ್ಟು ಹಾಸಿದ ಪಂಜರಕ್ಕೆ ಬಿಡುತ್ತಾರೆ. "ಯಾಕವ್ವಾ, ಇವತ್ತು ನೀರೇ ಕುಡ್ದಿಲ್ಲ?" ದಿನಕ್ಕೆ ನೂರ ಎಂಬತ್ತು ಪಂಜರ, ಹೆಚ್ಚುಕಡಿಮೆ ಎಂಟುನೂರು ಇಲಿ.

ಅಮೃತಹಳ್ಳಿಯ ಗೋಪಾಲಮ್ಮನಿಗೆ ಐವತ್ತೆರಡು ವರ್ಷ, ಓದಿದ್ದು ಏಳನೇ ಕ್ಲಾಸು. ೨೦೦೯ರಲ್ಲಿ ನೆಲ ಒರೆಸಲು ಬಂದವರು. "ಮೊದ್ಲು ಇಲಿ ಕಂಡ್ರೆ ಕಿರುಚ್ಕೊಂಡು ಆಚೆ ಓಡ್ತಿದ್ದೆ" ಎಂದು ನಗುತ್ತಾರೆ.

ಐದು ವರ್ಷದ ಹಿಂದೆ, ಗಾರೆ ಕೆಲಸ ಮಾಡುತ್ತಿದ್ದ ಗಂಡ ಮುನಿಶಾಮಿಗೆ ಹೃದಯಾಘಾತವಾಯಿತು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ಹೋದ ವರ್ಷ ಸಂಶೋಧಕಿ ಐಶ್ವರ್ಯ ಒಂದು ಜೀನ್ ಬದಲಾದ ಇಲಿಗಳನ್ನು ಸಾಕಲು ಕೊಟ್ಟರು. ಪ್ರಯೋಗಕ್ಕಾಗಿ ಹೃದಯಕ್ಕೆ ಗಾಯ ಮಾಡಿದರೂ ಅವು ಬೇಗ ಚೇತರಿಸಿಕೊಳ್ಳುತ್ತಿದ್ದವು. ಗೋಪಾಲಮ್ಮ ಮನೆಗೆ ಹೋಗಿ ಗಂಡನಿಗೆ ಹೇಳಿದರು: "ಔಷ್ದಿ ಬತ್ತದೆ, ವಸಿ ತಡ್ಕೊಳ್ಳಿ."

ಐದನೇ ತಿಂಗಳು, ಚೇತರಿಸಿಕೊಂಡ ಇಲಿಯೊಂದರ ಕಂಕುಳಲ್ಲಿ ರಾಗಿಕಾಳಿನಷ್ಟು ಗಂಟು ಕೈಗೆ ತಾಗಿತು. ಪಕ್ಕದ ಪಂಜರದ ಇಲಿಯಲ್ಲೂ ಇತ್ತು. ಮಾಮೂಲಿ ಇಲಿಗಳಲ್ಲಿ ಇರಲಿಲ್ಲ.

"ಒಂದಿನ ಬಾಯೇ ಬಿಡ್ಲಿಲ್ಲ ಕಣ್ರೀ. ಯೋಳುದ್ರೆ ಔಷ್ದಿ ಕೆಲ್ಸ ನಿಂತೋಯ್ತದೇನೋ ಅಂತ ಎದ್ರಿಕೆ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಬೆಳಿಗ್ಗೆ ಮೇಡಂ ಬಂದೇಟ್ಗೆ ಕೈಲಿ ಇಲಿ ಇಟ್ಟು, ಮುಟ್ಟಿ ನೋಡಿ ಅಂದೆ."

ಪರೀಕ್ಷಿಸಿದಾಗ ಅಂಥ ಇಪ್ಪತ್ತು ಇಲಿಗಳಲ್ಲಿ ಹನ್ನೊಂದಕ್ಕೆ ಗಡ್ಡೆ. ಹೃದಯದ ಗಾಯ ಮಾಯಿಸುವ ಬದಲಾವಣೆಯೇ ಗಡ್ಡೆಯನ್ನೂ ಬೆಳೆಸುತ್ತಿತ್ತು. ವಿಜಯಪುರದವರಾದ ಐಶ್ವರ್ಯ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ: "ನಾವು ಬರೀ ಎದಿ ನೋಡ್ಕೋತ ಕುಂತಿದ್ವಿ. ಇಡೀ ಇಲಿ ನೋಡಿದವ್ರು ಗೋಪಾಲಮ್ಮನೋರು." ಈಗ ಅವರ ತಂಡ ಆ ಬದಲಾವಣೆಯನ್ನು ಹೃದಯದಲ್ಲಿ ಮಾತ್ರ, ಕೆಲವೇ ದಿನ ನಡೆಸಿ ನಿಲ್ಲಿಸುವ ದಾರಿ ಹುಡುಕುತ್ತಿದೆ. ವರ್ಷಗಳೇ ಹಿಡಿಯಬಹುದು.

ಅಂದು ಸಂಜೆ ಗಂಡನಿಗೆ ಹೇಗೆ ಹೇಳಿದಿರಿ ಎಂದರೆ ಗೋಪಾಲಮ್ಮ ಪಂಜರಕ್ಕೆ ನೀರಿನ ಬಾಟಲಿ ಸಿಕ್ಕಿಸುತ್ತಾ ಹೇಳುತ್ತಾರೆ: "ಊಟಕ್ಕಿಕ್ಕಿ ಯೋಳ್ದೆ. ಒಂದ್ ವಾಸಿ ಮಾಡಿ ಇನ್ನೊಂದ್ ಅಂಟ್ಸೋ ಔಷ್ದಿ ಯಾಕ್ ಬೇಕು ಬುಡು, ಸರಿಯಾಗೇ ಮಾಡಿದ್ದೀಯ ಅಂದ್ರು."

ಕೈಗವಸು ಬದಲಿಸಿ ಮುಂದಿನ ಸಾಲಿಗೆ ಹೊರಡುತ್ತಾರೆ. "ನಮ್ಮೆಜಮಾನ್ರಿಗೆ ಸಿಗ್ದೇ ಇದ್ರೂ ಚಿಂತಿಲ್ಲ. ಬರೋ ಔಷ್ದಿ ಯಾರ್ಗೂ ಮೋಸ ಮಾಡ್ಬಾರ್ದು, ಅಷ್ಟೇಯ."