ಬೀರು ಲುವಾ ಬರೆದ ನದಿ

ನಾಮ್ ದಿನ್ ಪಟ್ಟಣದ ಆ ಗಲ್ಲಿಯಲ್ಲಿ ಲುವಾ ಎಂದರೆ ಯಾವ ಲುವಾ ಎಂದು ಕೇಳುತ್ತಾರೆ. ಬೀರು ಲುವಾ ಎಂದರೆ ಚಿಕ್ಕ ಮಕ್ಕಳೂ ಅವಳ ಅಂಗಡಿ ತೋರಿಸುತ್ತವೆ. ಬೆಳಗಾದರೆ ಹಬೆಯಾಡುವ ಪಾತ್ರೆಗೆ ಬಿಗಿದ ಬಟ್ಟೆಯ ಮೇಲೆ ಅಕ್ಕಿಹಿಟ್ಟು ತೆಳ್ಳಗೆ ಎರೆದು, ಬೆಂದ ಹಾಳೆಯನ್ನು ಬಿದಿರು ಕಡ್ಡಿಯಲ್ಲಿ ಎತ್ತಿ, ಒಳಗೆ ಖೀಮಾ, ಅಣಬೆ ಇಟ್ಟು ಸುತ್ತಿ ಮಾರುವ ಹೆಂಗಸು. ಅವಳ ಮನೆಯಲ್ಲಿ ಬೀರು ಇಲ್ಲ. ಆ ಹೆಸರು ಬಂದದ್ದು ಒಂದು ಪ್ರಬಂಧದಿಂದ.

ಅಲ್ಲಿನ ಮಕ್ಕಳು ಪ್ರಬಂಧ ಬರೆಯಲು ಕಲಿಯುವುದು ಕಡಿಮೆ, ಉರು ಹೊಡೆಯುವುದೇ ಹೆಚ್ಚು. ಮಾದರಿ ಪ್ರಬಂಧಗಳ ಪುಸ್ತಕ ತಂದು, ಈ ವರ್ಷ ಪರೀಕ್ಷೆಗೆ ಇದೇ ಬರುತ್ತದೆ ಎಂದು ಒಂದನ್ನು ಊಹಿಸಿ, ಬೀರುವಿನಲ್ಲಿಟ್ಟಂತೆ ತಲೆಯೊಳಗೆ ಬೀಗ ಹಾಕಿಡುವುದಕ್ಕೆ ಬೀರು ಓದು ಎನ್ನುತ್ತಾರೆ. ಬೇರೆ ವಿಷಯ ಬಂದರೆ, ಪಾಪ, ಬೀರು ಮೈಮೇಲೆ ಬಿತ್ತು! ಹದಿನೆಂಟರ ಲುವಾ ಶಾಲೆಯ ಕೊನೆಯ ಪರೀಕ್ಷೆಗೆ ‘ನಮ್ಮೂರ ನದಿ’ಯನ್ನು ಒಂದಕ್ಷರ ಬಿಡದೆ ಉರು ಹೊಡೆದಿದ್ದಳು. ಬಂದ ಪ್ರಶ್ನೆ, ಹಿರಿಯರ ಮಾತನ್ನೆಲ್ಲ ಕೇಳಬೇಕೇ, ನಿಮ್ಮ ಅಭಿಪ್ರಾಯವೇನು ಎಂದು. ಹುಡುಗಿ ಹಿರಿಯರನ್ನು ದಡದಲ್ಲೇ ಬಿಟ್ಟು ನದಿಯನ್ನೇ ಹರಿಸಿ ಬಂದಳು. ಸೊನ್ನೆ ಬಂತು. ಓದು ಅಲ್ಲಿಗೇ ನಿಂತಿತು. ಜೊತೆಯಲ್ಲಿ ಓದಿದ ವಿನ್ ಹೆಸರಿಟ್ಟ, ಊರು ಹಿಡಿದುಕೊಂಡಿತು.

ಆ ವಿನ್ ಈಗ ಅವಳ ಅಂಗಡಿಯ ಎದುರಿಗೇ ಚಹಾ ಮಾರುತ್ತಾನೆ. ಲುವಾಗೆ ಐವತ್ತು ಹತ್ತಿರವಾದರೂ ಅವನ ಬಾಯಿ ಮುಚ್ಚಲಿಲ್ಲ. ಒಂದು ಬೆಳಗ್ಗೆ ಗಿರಾಕಿಗಳ ಮುಂದೆ ಅವನು ಅದೇ ಕಥೆ ತೆಗೆದಾಗ ಲುವಾಗೆ ರೇಗಿತು.

“ಮತ್ತೆ ಪರೀಕ್ಷೆ ಬರೀತೀನಿ ಕಣೋ. ಪಾಸಾದ್ರೆ ಏನ್ಮಾಡ್ತೀಯ?”

“ಪಾಸಾಗು ಮೊದ್ಲು. ಆದ್ರೆ ಈ ಬಾಯಲ್ಲಿ ಆ ಹೆಸ್ರು ಇನ್ಯಾವತ್ತೂ ಬರಲ್ಲ.”

ಮಾತು ಗಲ್ಲಿಯೆಲ್ಲ ಹರಡಿತು. ಇನ್ನು ಹಿಂದೆ ಸರಿಯುವಂತಿಲ್ಲ. ಫೇಲಾದರೆ ಆ ಹೆಸರು ಅವಳ ಜೊತೆಗೇ ಮಣ್ಣಿಗೆ ಹೋಗುವುದು ಖಂಡಿತ. ಲುವಾ ವಯಸ್ಕರ ಸಂಜೆ ಶಾಲೆಗೆ ಸೇರಿದಳು, ಮೊದಲು ಕೊಂಡದ್ದು ಮಾದರಿ ಪ್ರಬಂಧಗಳ ಪುಸ್ತಕ. ಬುದ್ಧಿ ಬರಲಿಲ್ಲ ನೋಡಿ.

ಅಲ್ಲಿನ ಟೀಚರ್ ಜಿಯೆಪ್ ಅವಳಿಗೆ ಮಗಳಾಗುವ ವಯಸ್ಸಿನವಳು. ತಾಯಿಯನ್ನು ವರ್ಣಿಸಿ ಎಂದಳು. ಲುವಾ ಸರಸರನೆ ಬರೆದಳು: ಮೋಡದಂಥ ಬಿಳಿ ಕೂದಲು, ಕರುಣೆಯ ಕಣ್ಣು, ಸಂಜೆಗೊಂದು ಕಥೆ. ಜಿಯೆಪ್ ಓದಿ, ಪಕ್ಕದಲ್ಲಿ ಬಂದು ಕೂತಳು.

“ಅಕ್ಕಾ, ನಿಮ್ಮಮ್ಮ ನಿಜವಾಗ್ಲೂ ಕಥೆ ಹೇಳ್ತಿದ್ರಾ?”

ಲುವಾ ಪೆನ್ನಿನ ಮುಚ್ಚಳ ಹಾಕಿದಳು. “ಎಲ್ಲಿ ಟೀಚರೇ. ಅವಳಿಗೆ ಬೈಯೋಕೇ ಟೈಮ್ ಸಾಲ್ತಿರ್ಲಿಲ್ಲ. ಕೂದ್ಲು ಬೆಳ್ಳಗಾಗೋ ಮುಂಚೆನೇ ಹೋಗ್ಬಿಟ್ಲು.”

“ಅದನ್ನ ಬರೀರಿ.”

ಆ ಸಂಜೆ ಅವಳು ಅಳುತ್ತಲೇ ಬರೆದಳು. ಹಬೆಗೆ ಸುಟ್ಟು ಕಪ್ಪಾದ ಅಮ್ಮನ ಹೆಬ್ಬೆರಳನ್ನು ಬರೆದಳು, ಬೈಗುಳವನ್ನೂ ಬಿಡಲಿಲ್ಲ. ವರ್ಣನೆ ಎಂದರೆ ಕಂಡದ್ದನ್ನು ಓದುವವರ ಕಣ್ಣಿಗೂ ಕಾಣಿಸುವುದು ಎಂಬುದು ಅವಳಿಗೆ ಆಗ ತಿಳಿಯಿತು. ಘಟನೆ ಹೇಳುವ ಪ್ರಬಂಧ ಬಂದಾಗ ಜಿಯೆಪ್, ಅಂಗಡಿಯಲ್ಲಿ ಸುದ್ದಿ ಹೇಳುವಾಗ ನೀವೇನು ಸೂರ್ಯ ಹುಟ್ಟಿದಲ್ಲಿಂದ ಶುರುಮಾಡುತ್ತೀರಾ, ಜಗಳ ಹತ್ತಿದಲ್ಲಿಂದ ಶುರುಮಾಡುತ್ತೀರಾ ಎಂದು ಕೇಳಿ ನಗಿಸಿದಳು. ಕಷ್ಟವಾದದ್ದು ವಾದದ ಪ್ರಬಂಧ. ಅಭಿಪ್ರಾಯ ಎಂಬ ಮಾತು ಕೇಳಿದರೇ ಲುವಾಗೆ ಹಳೆಯ ಭಯ. ನಿಮ್ಮ ಅಂಗಡಿಗೆ ಅದ್ದಿ ತಿನ್ನುವ ಮೀನುಸಾರು ತಂದುಕೊಡುವವನು ಕಲಬೆರಕೆ ಮಾಲು ತಂದರೆ ಏನು ಮಾಡುತ್ತೀರಿ ಎಂದು ಜಿಯೆಪ್ ಕೇಳಿದಳು. ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅಂತ ಹೇಳುತ್ತೇನೆ, ಅವನು ಕೊಡುವ ನೆಪವನ್ನು ಅವನಿಗಿಂತ ಮುಂಚೆ ನಾನೇ ತೆಗೆದು ಬಿಸಾಕುತ್ತೇನೆ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತೇನೆ ಎಂದಳು ಲುವಾ. ವಾದದ ಪ್ರಬಂಧಕ್ಕೆ ಇಷ್ಟೇ ಸಾಕು, ಬಾಯಿ ಮುಚ್ಚಿಕೊಳ್ಳುವುದನ್ನಂತೂ ಮರೆಯಬೇಡಿ ಎಂದಳು ಜಿಯೆಪ್.

ಪರೀಕ್ಷೆಯ ದಿನ ಲುವಾ ಪ್ರಶ್ನೆಪತ್ರಿಕೆ ತೆರೆದಳು. ನಿಮ್ಮೂರಿನ ನದಿಯನ್ನು ಕಾಪಾಡುವ ಹೊಣೆ ಯಾರದು, ನಿಮ್ಮ ಅಭಿಪ್ರಾಯ ಬರೆಯಿರಿ.

ನದಿ! ಅಷ್ಟು ವರ್ಷ ಎಲ್ಲಿ ಅಡಗಿತ್ತೋ, ಆ ಹಳೆಯ ಪ್ರಬಂಧ ತಲೆಯೊಳಗೆ ಪೂರ್ತಿ ಎದ್ದು ನಿಂತಿತು. ರೇಷ್ಮೆ ಪಟ್ಟಿಯಂಥ ನೀಲಿ ನೀರು, ಬೆಳ್ಳಕ್ಕಿ, ದೋಣಿಯ ಹಾಡು, ಒಂದಕ್ಷರ ಸವೆದಿರಲಿಲ್ಲ. ಕಾಗದಕ್ಕೆ ಪೆನ್ನು ತಾಗಿಸಿದರೆ ಸಾಕು, ತಾನೇ ಹರಿಯುತ್ತಿತ್ತು. ಲುವಾ ಪೆನ್ನನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡಳು. ಕೇಳಿರುವುದು ನದಿ ಹೇಗಿದೆ ಎಂದಲ್ಲ, ನೀನೇನು ಹೇಳುತ್ತೀ ಎಂದು. ಆ ವ್ಯತ್ಯಾಸ ಹದಿನೆಂಟರಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

‘ನಮ್ಮೂರ ನದಿ ನೀಲಿಯಲ್ಲ’ ಎಂದು ಶುರುಮಾಡಿದಳು. ‘ಅದನ್ನು ಕಾಪಾಡುವ ಹೊಣೆ ಮೊದಲು ನನ್ನದು, ಯಾಕೆಂದರೆ ನನ್ನ ಅಂಗಡಿಯ ಎಣ್ಣೆನೀರು ಹೋಗುವುದು ಅಲ್ಲಿಗೇ.’ ಮುಂದೆ ಮೀನುಸಾರಿನವನನ್ನು ಎದುರಿಗೆ ನಿಲ್ಲಿಸಿಕೊಂಡವಳಂತೆ ಬರೆಯುತ್ತ ಹೋದಳು. ದೊಡ್ಡ ಕಾರ್ಖಾನೆಗಳೇ ಇರುವಾಗ ನಿನ್ನ ಒಂದು ಬಕೆಟ್ಟಿನಿಂದೇನು ಎಂದು ಕೇಳುವವರಿಗೂ ಉತ್ತರ ಕೊಟ್ಟಳು. ಹೇಳಬೇಕಾದದ್ದು ಮುಗಿದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಹತ್ತಕ್ಕೆ ಎಂಟು ಬಂತು. ಜಿಯೆಪ್ ಟೀಚರ್ ಸ್ಕೂಟರಿನಲ್ಲಿ ಗಲ್ಲಿಗೇ ಬಂದು ಅವಳನ್ನು ತಬ್ಬಿಕೊಂಡಳು. ಲುವಾ ಅಂದು ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ. ವಿನ್ ಚಹಾ ಲೋಟ ಹಿಡಿದು ರಸ್ತೆ ದಾಟಿ ಬಂದ, ತಲೆ ಬಗ್ಗಿಸಿ, “ಲುವಾ ಅವ್ರೇ, ಸೋತೆ” ಎಂದ. ಆ ಮರ್ಯಾದೆ ಕೇಳಿ ಗಲ್ಲಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಮರುದಿನ ಬೋರ್ಡು ಬರೆಯುವವನು ಬಂದ. ಅಂಗಡಿಗೆ ಇದುವರೆಗೆ ಹೆಸರೇ ಇರಲಿಲ್ಲ. ಏನು ಬರೆಯಲಿ ಎಂದು ಅವನು ಕೇಳಿದಾಗ ಲುವಾ ಎದುರು ಅಂಗಡಿಗೆ ಕೇಳುವಂತೆ ಹೇಳಿದಳು.

“ಬೀರು ಲುವಾ ಅಂತ ಬರಿ. ದೊಡ್ಡಕ್ಷರದಲ್ಲಿ. ಆ ವಿನ್‌ಗೆ ಬಾಯಲ್ಲಿ ಹೇಳೋಕಂತೂ ಆಗಲ್ಲ, ಕನ್ನಡಕ ಇಲ್ದೇನೂ ಕಾಣ್ಬೇಕು.”