ಇಂಚಿನ ಟೇಪಿನ ಸಂಖ್ಯೆಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇಲ್ಲ. ಸುರಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು ಒಂದೇ ಕಂಪನಿಯ ಕೆಲಸ ಮಾಡುತ್ತಿದ್ದೆವು. ನಾನು ಹಳಬ. ಅಕ್ಕ ಯಾದಗಿರಿಯಲ್ಲಿ ಬಿಎಸ್ಸಿ ಮುಗಿಸಿ, ಬಹಳ ವರ್ಷ ಓಣಿಯ ಹೆಂಗಸರಿಗೆ ಬ್ಲೌಸ್ ಹೊಲಿದು, ಆಮೇಲೆ ನನ್ನ ಪಕ್ಕ ಕೂತು ಕೆಲಸ ಕಲಿತು ಆಗಷ್ಟೇ ಸೇರಿದ್ದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಲೇಬೇಕೆಂಬ ಹಟಕ್ಕೆ ಲಗ್ನದ ಹಂಗಾಮಿನಲ್ಲೂ ಹೊಲಿಗೆ ಯಂತ್ರಕ್ಕೆ ಹಳೆ ಸೀರೆ ಹೊದಿಸಿಬಿಟ್ಟಿದ್ದಳು.

ನಾವು ಮಾಡುತ್ತಿದ್ದುದು ಪ್ರೋಗ್ರಾಂ ಬರೆಯುವವರಿಗಾಗಿ ಒಂದು ಸಾಧನ. ಯಾರೋ ಬರೆದ ಕೋಡನ್ನು ಅದು ಓದಿ, ಬಿಡಿಬಿಡಿಯಾಗಿ ಬಿಚ್ಚಿ, ಓರಣ ಮಾಡಿ ಮತ್ತೆ ಬರೆದುಕೊಡುತ್ತದೆ. ಸಾಲುಗಳು ಚೆಂದ ಕಾಣಬೇಕು, ಅರ್ಥ ಮಾತ್ರ ಕೂದಲೆಳೆಯಷ್ಟೂ ಬದಲಾಗಬಾರದು. ಅದರಲ್ಲಿ ದಶಮಾಂಶ ಸಂಖ್ಯೆಗಳನ್ನು ಹಿಡಿದಿಡುವ ಭಾಗವನ್ನು ನಾನು ಬರೆದಿದ್ದೆ. ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಅಕ್ಕ ಬರೆದಿದ್ದಳು. ಒಂದೂ ಬಿಡದೆ ಎಲ್ಲವೂ ಪಾಸಾಗಿದ್ದವು, ನಾವು ಆರಾಮಾಗಿ ಚಹಾ ಕುಡಿದೆವು.

ಸಾಧನ ಹೊರಗೆ ಹೋದ ಮೇಲೆ ದೂರು ಬಂತು. ಒಬ್ಬರು 0.1 ಎಂದು ಬರೆದಿದ್ದ ಕಡೆ ನಮ್ಮ ಸಾಧನ 0.10000000149011612 ಎಂದು ಬರೆದುಕೊಟ್ಟಿತ್ತು. ಕಾರಣ ನನಗೆ ತಕ್ಷಣ ಹೊಳೆಯಿತು. ಕಂಪ್ಯೂಟರ್ ಯಂತ್ರ ದಶಮಾಂಶವನ್ನು ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಕೂಡಿಸುತ್ತ ಹೋಗಿ ಕಟ್ಟುತ್ತದೆ. ಕಾಲು, ಮುಕ್ಕಾಲು ಅದಕ್ಕೆ ನೀಟಾಗಿ ಸಿಗುತ್ತವೆ. ಹತ್ತನೇ ಒಂದು ಭಾಗ ಎಷ್ಟು ಕೂಡಿಸಿದರೂ ಪೂರ್ತಿ ಸಿಗುವುದಿಲ್ಲ, ಹತ್ತಿರದ್ದೊಂದನ್ನು ಇಟ್ಟುಕೊಳ್ಳುತ್ತದೆ. ಬರೆದವರ ಅಕ್ಷರವನ್ನು ಹಾಗೇ ಉಳಿಸಿಕೊಳ್ಳುವ ಬದಲು, ನಾನು ಆ ಹತ್ತಿರದ್ದನ್ನು ಉಳಿಸಿ, ಅದನ್ನೇ ತಿರುಗಿ ಬರೆಸಿದ್ದೆ.

ಮರುದಿನ ತಂಡದ ಹಿರಿಯರು ವಿಡಿಯೋ ಕಾಲ್ ಮಾಡಿದರು. ಮೈಸೂರು ಕಡೆಯವರು, ಬೈದರೂ ಮೆಲ್ಲಗೆ ಬೈಯುವವರು.

"ನಿಮ್ಮ ಪರೀಕ್ಷೆಗಳನ್ನ ನೋಡಿದೆ ಮೇಡಂ," ಎಂದರು ಅಕ್ಕನಿಗೆ. "14.25, 36.5, 9.75, 2.125. ಯಂತ್ರದಲ್ಲಿ ಸರಿಯಾಗಿ ಕೂರೋ ಸಂಖ್ಯೆಗಳೇ ಎಲ್ಲ. ಕೆಡೋದು ಒಂದೂ ಇಲ್ಲ. ಯಾವುದು ಕೆಡುತ್ತೆ ಅಂತ ಗೊತ್ತಿಲ್ಲದವರು ಬರೆದರೆ ಹೀಗಾಗುತ್ತಾ?"

"ಸರ್, ತಪ್ಪು ನನ್ನ ಕೋಡಿಂದ್ರಿ," ಎಂದೆ ನಾನು.

"ಅದು ಗೊತ್ತು. ತಮ್ಮನ ತಪ್ಪು ಕಾಣಬಾರದು ಅಂತ ಅಕ್ಕ ಆರಿಸಿಕೊಂಡರಾ ಅಂತ ಕೇಳ್ತಿದೀನಿ. ಹಾಗಿದ್ದರೆ ಇವರನ್ನ ಮುಂದುವರಿಸೋಕಾಗಲ್ಲ."

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅವರು ಒಂದೊಂದಾಗಿ ಕೇಳುತ್ತ ಹೋದರು. 0.1 ಯಂತ್ರದೊಳಗೆ ಹೇಗೆ ಕೂರುತ್ತದೆ? ಎಷ್ಟು ಅಂಕಿಗಳ ತನಕ ನಂಬಬಹುದು? ಯಾವ ಭಿನ್ನರಾಶಿ ಪೂರ್ತಿ ಸಿಗುತ್ತದೆ, ಯಾವುದು ಸಿಗುವುದಿಲ್ಲ?

"ಗೊತ್ತಿಲ್ರಿ," ಎಂದಳು ಅಕ್ಕ. ಮತ್ತೆ, "ಅದೂ ಗೊತ್ತಿಲ್ರಿ." ಅವಳ ಕಿವಿ ಕೆಂಪಗಾಗಿತ್ತು. ನಾನು ಅವಳಿಗೆ ಇದನ್ನೆಲ್ಲ ಹೇಳಿಕೊಟ್ಟಿರಲಿಲ್ಲ.

"ಮತ್ತೆ ಈ ಸಂಖ್ಯೆಗಳು ಎಲ್ಲಿಂದ ಬಂದವು?"

ಅಕ್ಕ ಎದ್ದು ಹೋಗಿ, ಹೊಲಿಗೆ ಯಂತ್ರದ ಮೇಲಿನ ಸೀರೆ ಸರಿಸಿ, ಅಳತೆ ಟೇಪು ತಂದು ಕ್ಯಾಮೆರಾದ ಮುಂದೆ ಹಿಡಿದಳು.

"ಇದ್ರಾಗಿಂದ್ರಿ ಸರ್. ಇಂಚಿನಾಗ ಅರ್ಧ, ಪಾವು ಅಂದ್ರ ಕಾಲು, ಅದರ ಅರ್ಧ ಅರ್ಧಪಾವು, ಇಷ್ಟ ಇರತಾವ್ರಿ. ಹಿಂದ ಸೆಂಟಿಮೀಟರ್ ಐತ್ರಿ, ಅದನ್ನ ನಾವು ಮುಟ್ಟೂದಿಲ್ರಿ. ಸಂಖ್ಯೆ ಬರಿ ಅಂದ್ರ ನನಗ ಬ್ಲೌಸಿನ ಅಳತಿನೇ ನೆನಪಾಗ್ತಾವ್ರಿ. ಒಂಬತ್ತೂ ಮುಕ್ಕಾಲು ತೋಳು, ಸವ್ವಾ ಹದಿನಾಲ್ಕು ಉದ್ದ. ಮೂವತ್ತಾರೂವರಿ ಯಾರದಂತ ಮಾತ್ರ ಹೇಳೂದಿಲ್ರಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ತಪ್ಪು ತಿಳ್ಕೊಂಡೆ, ಬೇಜಾರು ಮಾಡ್ಕೋಬೇಡಿ," ಎಂದರು. ಬರೆದ ಸಂಖ್ಯೆಯನ್ನು ಅಕ್ಷರವಾಗಿಯೇ ಇಟ್ಟುಕೊಳ್ಳುವಂತೆ ಕೋಡ್ ತಿದ್ದಲು ನನಗೆ ಹೇಳಿದರು, ಪರೀಕ್ಷೆಗಳಿಗೆ 0.1 ಸೇರಿಸಲು ಅಕ್ಕನಿಗೆ ಹೇಳಿದರು. ಅವಳ ಕೆಲಸ ಕಾಯಂ ಎಂದೂ ಅಲ್ಲೇ ಹೇಳಿಬಿಟ್ಟರು.

ಕಾಲ್ ಮುಗಿದದ್ದೇ ನಾನು ಕುಣಿಯುವುದೊಂದು ಬಾಕಿ. ಕೆಳಗಿದ್ದ ಅವ್ವನಿಗೆ ಕೂಗಿ ಹೇಳಿದೆ. ಅಕ್ಕ ಮಾತ್ರ ಟೇಪನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಯಾಕ ಅಕ್ಕಾ, ಖುಷಿ ಆಗ್ಲಿಲ್ಲೇನು?"

"ಆತು," ಎಂದಳು. ಕಣ್ಣು ತುಂಬಿದ್ದವು. "ಖರೇ, ನಾ ಕಳ್ಳಿ ಅಲ್ಲಂತ ತೋರ್ಸಾಕ, ನಾ ದಡ್ಡಿ ಅಂತ ಒಪ್ಗೋಬೇಕಾತು ನೋಡು ತಮ್ಮಾ."