ಹನ್ನೊಂದನೇ ನಂಬರಿನ ಬಿಲ್ಲೆ

ಸತ್ತವರು ಬಂದರು, ಕರೆದರು, ಮುಟ್ಟಿದರು ಎಂಬ ಕಥೆಗಳನ್ನು ಕೇಳಿದರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು, ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು. ಅದಕ್ಕೆ ನನ್ನ ನೌಕರಿಯೂ ಕಾರಣ. ಪಣಜಿಯ ಒಂದು ವಿಮಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕ್ಲೇಮಿನ ಕಾಗದಗಳನ್ನು ನೋಡುವವಳು ನಾನು. ಎದುರಿಗೆ ಕೂತವರು ನಮ್ಮ ಧಾರವಾಡ ಕಡೆಯವರೇ ಆಗಿರಲಿ, ಅಳಲಿ, ಆಣೆ ಮಾಡಲಿ, ಕೊನೆಗೆ ನಾನು ಕೇಳುವುದು ಒಂದೇ ಮಾತು: "ಎಲ್ಲಾ ಖರೇ ಇರಬಹುದ್ರಿ, ದಾಖಲೆ ಏನದ?"

ಈಗ ನಾನು ಹೇಳಹೊರಟಿರುವುದಕ್ಕೆ ದಾಖಲೆ ಇಲ್ಲ. ಒಂದಿತ್ತು, ಅದನ್ನು ನಾನೇ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು ಮಾತನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನಗೆ ನನ್ನ ತಂಗಿ ಸುಮಿಯನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತಿನದಲ್ಲ, ನಾನು ಏಳು ವರ್ಷದವಳಿದ್ದಾಗಿನದು. ಅದನ್ನು ಮುಚ್ಚಿಟ್ಟು ಈ ಅನುಭವವನ್ನು ಹೇಳಲು ಬರುವುದಿಲ್ಲ.

ನಾವು ಬೆಳೆದದ್ದು ಸಾಂಖಳಿಯಿಂದ ಮುಂದಿರುವ ಒಂದು ಗಣಿ ಊರಿನಲ್ಲಿ. ಅಪ್ಪ ಧಾರವಾಡದಿಂದ ಬಂದು ಅಲ್ಲಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿದ. ಅದಿರಿನ ಲಾರಿಗಳು, ಕಲ್ಲು ಪುಡಿಮಾಡುವ ಕ್ರಶರ್, ಸೈರನ್, ಇಷ್ಟೇ ಆ ಊರು. ಮನೆಯ ಗೋಡೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಮೂಗು ಸೀಟಿದರೂ ಕೆಂಪು. ಬೇರೆ ಊರಿನಿಂದ ಬಂದವರು ಒಂದು ರಾತ್ರಿಗಿಂತ ಹೆಚ್ಚಿಗೆ ನಿಲ್ಲುತ್ತಿರಲಿಲ್ಲ.

ವರ್ಕ್‌ಶಾಪಿನ ಗೇಟಿನ ಒಳಗೆ ಗೋಡೆಗೆ ಒಂದು ದೊಡ್ಡ ಕಪ್ಪು ಹಲಗೆ ಇತ್ತು. ಅದರ ತುಂಬ ಸಾಲುಸಾಲಾಗಿ ಮೊಳೆ, ಪ್ರತಿ ಮೊಳೆಗೆ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ತೆಗೆದು ಕಿಸೆಗೆ ಹಾಕಿಕೊಳ್ಳಬೇಕು, ಹೊರಗೆ ಬರುವಾಗ ಮತ್ತೆ ಮೊಳೆಗೆ ತೂಗುಹಾಕಬೇಕು. ಸಂಜೆ ಐದರ ಸೈರನ್ ಆದ ಮೇಲೂ ಯಾವುದಾದರೂ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ಅರ್ಥ. ಟೈಮ್‌ಕೀಪರ್ ಅವನ ಹೆಸರು ಕೂಗುತ್ತ ಒಳಗೆ ಹುಡುಕಲು ಹೋಗುತ್ತಿದ್ದ. ಅಪ್ಪನ ನಂಬರ್ ಹನ್ನೊಂದು. ಮೊದಮೊದಲು ಸೇರಿದವರಲ್ಲಿ ಒಬ್ಬನಾದ್ದರಿಂದ ಅವನದು ಎಲ್ಲಕ್ಕಿಂತ ಮೇಲಿನ ಸಾಲು.

ಸಂಜೆ ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ. ಅಪ್ಪ ಗ್ರೀಸ್ ವಾಸನೆ ಹೊಡೆಯುತ್ತ ಬಂದು, ಬಿಲ್ಲೆಯನ್ನು ನನ್ನ ಕೈಗಿಟ್ಟು, ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದ. ನಾನು ತೂಗುಹಾಕುತ್ತಿದ್ದೆ. ಆಗ ಟೈಮ್‌ಕೀಪರ್ ಪುಸ್ತಕದಲ್ಲಿ ಗುರುತು ಮಾಡಿಕೊಂಡು, "ಹನ್ನೊಂದು ಹೊರಗ ಬಂತು" ಅನ್ನುತ್ತಿದ್ದ. ಅಪ್ಪನನ್ನು ದಿನಾ ನಾನೇ ಹೊರಗೆ ತರುತ್ತೇನೆ ಎಂಬ ಹಮ್ಮು ನನಗೆ. ಒಂದು ಸಂಜೆ ನಾನು ಎಂದಿನಂತೆ ಎರಡೂ ಕೈ ಎತ್ತಿ ನಿಂತೆ. ಅಪ್ಪ ನನ್ನ ಪಕ್ಕದಲ್ಲಿದ್ದ ಎರಡು ವರ್ಷದ ಸುಮಿಯನ್ನು ಎತ್ತಿದ. "ನೀ ಈಗ ದೊಡ್ಡಾಕಿ ಆದೀಯವಾ" ಅಂದ. ನನ್ನ ಕೈಗಳು ಇನ್ನೂ ಮೇಲೆಯೇ ಇದ್ದವು. ಆಮೇಲೆ ನನ್ನನ್ನು ಯಾವತ್ತೂ ಎತ್ತಲಿಲ್ಲ.

ನಾನು ಓದಿದೆ, ನೌಕರಿ ಹಿಡಿದೆ, ಮದುವೆಯಾಗಿ ಪಣಜಿ ಪಕ್ಕದ ಪರ್ವರಿಯಲ್ಲಿ ಮನೆ ಮಾಡಿದೆ. ಸುಮಿ ಹತ್ತನೆಯದರಲ್ಲಿ ಎರಡು ಸಲ ನಪಾಸಾಗಿ, ಅಲ್ಲೇ ಒಬ್ಬ ಲಾರಿ ಡ್ರೈವರನನ್ನು ಮದುವೆಯಾದಳು. ಗಣಿ ಬಂದಾದಾಗ ಅವಳ ಸಂಸಾರ ಬೀದಿಗೆ ಬಂತು. ಆ ದಿನಗಳಲ್ಲಿ ನಾನು ಬಹಳ ಒಳ್ಳೆಯ ಅಕ್ಕನಾಗಿದ್ದೆ. ಅಕ್ಕಿ, ಬೇಳೆ, ಮಕ್ಕಳಿಗೆ ಬಟ್ಟೆ, ಏನು ಬೇಕಾದರೂ ಕಳಿಸುತ್ತಿದ್ದೆ. ಅವಳು ಕೆಳಗಿದ್ದಾಗ ಅವಳನ್ನು ಪ್ರೀತಿಸುವುದು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ.

ಗಣಿ ನಿಂತ ದಿನ ಎಲ್ಲರೂ ಬಿಲ್ಲೆಯನ್ನು ಮೊಳೆಗೆ ಹಾಕಿ ಮನೆಗೆ ಹೋದರು. ಅಪ್ಪ ಮಾತ್ರ ಕಿಸೆಯಲ್ಲೇ ಇಟ್ಟುಕೊಂಡು ಬಂದ. ಮರೆತೋ, ಬೇಕೆಂದೋ, ಯಾರಿಗೂ ಹೇಳಲಿಲ್ಲ. ಮುಂದೆ ಅವನಿಗೆ ಲಕ್ವ ಹೊಡೆದಾಗ ನೋಡಿಕೊಂಡವಳು ನಾನು. ಎರಡು ವರ್ಷ ನನ್ನ ಮನೆಯಲ್ಲಿ ಮಲಗಿದ್ದ. ಉಣಿಸಿದೆ, ಒರೆಸಿದೆ, ಹಾಸಿಗೆ ಬದಲಿಸಿದೆ. ಪ್ರತಿ ಸಂಜೆ ಅವನು ಕೇಳುತ್ತಿದ್ದದ್ದು, "ಸುಮಿ ಬಂದಳೇನು?" ತೀರಿಹೋಗುವ ನಾಲ್ಕು ದಿನ ಮೊದಲು ದಿಂಬಿನ ಕೆಳಗಿಂದ ಬಿಲ್ಲೆ ತೆಗೆದು ನನ್ನ ಕೈಗಿಟ್ಟ. ನನಗೇ ಕೊಟ್ಟ ಎಂದುಕೊಂಡೆ. ಆಮೇಲೆ ಅಂದ, "ಇದನ್ನ ಸುಮಿಗೆ ಕೊಡವಾ."

ಹೂಂ ಅಂದೆ. ಕೊಡಲಿಲ್ಲ. ದಿನಕರ್ಮ ಎಲ್ಲ ಮುಗಿದ ಮೇಲೆ ಸುಮಿ, "ಅಕ್ಕಾ, ಅಪ್ಪನ ಬಿಲ್ಲೆ ಎಲ್ಲೈತಿ?" ಎಂದು ಕೇಳಿದಾಗ, ಆಸ್ಪತ್ರೆಗೆ ಒಯ್ದಾಗ ಕಳೆದಿರಬೇಕು ಅಂದುಬಿಟ್ಟೆ. ಬಿಲ್ಲೆ ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗಿತ್ತು. ಎರಡು ವರ್ಷ ಮಾಡಿದವಳು ನಾನು, ಒಂದು ವಸ್ತುವಾದರೂ ನನಗಿರಲಿ ಎಂದುಕೊಂಡೆ.

ಅಷ್ಟರಲ್ಲಿ ಆ ಊರಿಗೆ ಹೊಸ ಅದೃಷ್ಟ ಬಂತು. ಯಾರೋ ಕಲಾವಿದರು, ಯಾರೋ ಉತ್ಸಾಹಿಗಳು ಸೇರಿ ಮುಚ್ಚಿದ ವರ್ಕ್‌ಶಾಪನ್ನು ಕಲಾಕೇಂದ್ರ ಮಾಡಿದರು. ಅದಿರು ತುಂಬುತ್ತಿದ್ದ ಕಟ್ಟೆ ಬಯಲು ರಂಗಮಂದಿರವಾಯಿತು. ಕ್ಯಾಂಟೀನು ಕೆಫೆಯಾಯಿತು. ಗಣಿಯ ಗುಂಡಿಯಲ್ಲಿ ನಿಂತ ಹಸಿರು ನೀರಿನ ದಂಡೆಯಲ್ಲಿ ಜನ ಕೂತು ಸಿತಾರ್ ಕೇಳತೊಡಗಿದರು. ನಾವು ಉಸಿರುಗಟ್ಟಿ ಕೆಮ್ಮುತ್ತಿದ್ದ ಕೆಂಪು ಧೂಳನ್ನು ಗಾಜಿನ ಶೀಶೆಯಲ್ಲಿ ತುಂಬಿ ನೆನಪಿನ ಕಾಣಿಕೆ ಎಂದು ಇಟ್ಟರು. ಬಂದವರಿಗೆ ಊರಿನ ಕಥೆ ಹೇಳಲು ಅಲ್ಲೇ ಬೆಳೆದವರು ಯಾರಾದರೂ ಬೇಕಾಗಿತ್ತು. ಸುಮಿಯನ್ನು ಇಟ್ಟುಕೊಂಡರು.

ಆಮೇಲೆ ಎಲ್ಲಿ ನೋಡಿದರೂ ಸುಮಿಯೇ. ಪೇಪರಿನಲ್ಲಿ ಸುಮಿ, ಮೊಬೈಲಿನಲ್ಲಿ ಸುಮಿ. ನನ್ನ ಕಚೇರಿಯ ಹುಡುಗಿಯೊಬ್ಬಳು ವಿಡಿಯೋ ತೋರಿಸಿ, "ಮ್ಯಾಡಮ್, ಇವರು ನಿಮ್ಮ ತಂಗಿ ಅಂತಲ್ರಿ? ಎಷ್ಟ ಚಲೋ ಮಾತಾಡ್ತಾರ್ರಿ!" ಅಂದಳು. ನೋಡಿದೆ. ಸುಮಿ ಆ ಕಪ್ಪು ಹಲಗೆಯ ಮುಂದೆ ನಿಂತು ತನ್ನ ಹರಕುಮುರುಕು ಹಿಂದಿಯಲ್ಲಿ ಹೇಳುತ್ತಿದ್ದಳು: ಸಂಜೆ ಗೇಟಿನಲ್ಲಿ ಕಾಯುತ್ತಿದ್ದೆ, ಅಪ್ಪ ನನ್ನನ್ನು ಎತ್ತುತ್ತಿದ್ದ, ಅಪ್ಪನನ್ನು ದಿನಾ ನಾನೇ ಹೊರಗೆ ತರುತ್ತಿದ್ದೆ. ಆ ಮಾತು ನನ್ನದು. ಚಿಕ್ಕವಳಿದ್ದಾಗ ಅವಳನ್ನು ಮಲಗಿಸಲು ನಾನೇ ಅವಳಿಗೆ ಹೇಳಿದ್ದು. ಆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ಶನಿವಾರ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಪರ್ಸಿನಲ್ಲಿಟ್ಟುಕೊಂಡು ಸಾಂಖಳಿ ಬಸ್ಸು ಹತ್ತಿದೆ. ಇದು ಮೂರು ವರ್ಷದ ಹಿಂದಿನ ಮಾತು. ಕೊಡಲು ಹೋದೆ ಎಂದುಕೊಳ್ಳಬೇಡಿ. ಅಷ್ಟು ಜನರ ಎದುರಿಗೆ ಅದನ್ನು ತೆಗೆದು ತೋರಿಸಿ, "ಬಿಲ್ಲೆ ನನ್ನ ಹತ್ತಿರ ಅದ, ಕಥೀನೂ ನಂದ" ಎಂದು ಹೇಳಿ, ವಾಪಸು ಪರ್ಸಿಗೆ ಹಾಕಿಕೊಂಡು ಬರುವುದು ನನ್ನ ಯೋಚನೆ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದೆ.

ಸುಮಿ ನನ್ನನ್ನು ನೋಡಿ ಓಡಿಬಂದಳು. "ಅಕ್ಕಾ! ಬಂದೀ ಏನ? ಊಟಾ ಆತಿಲ್ಲೋ? ಮಂದಿ ಬಂದಾರ, ತೋರಿಸಿ ಬರ್ತೀನಿ. ನೀನೂ ಹಿಂದಿಂದ ಬಾ" ಅಂದಳು. ಕೈಮಗ್ಗದ ಸೀರೆ, ಎದೆಗೆ ಹೆಸರಿನ ಪಟ್ಟಿ. ಎತ್ತರದವಳು, ಐವತ್ತರ ಹತ್ತಿರ ಬಂದರೂ ನೆಟ್ಟಗೆ ನಡೆಯುತ್ತಿದ್ದಳು. ನಾನು ಗಿಡ್ಡ, ಮೇಲೆ ಮೊಣಕಾಲು ನೋವು. ಹನ್ನೆರಡು ಜನ ಪ್ರವಾಸಿಗರ ಹಿಂದೆ ಹದಿಮೂರನೆಯವಳಾಗಿ ನಡೆದೆ. ನಾನು ಹುಟ್ಟಿ ಬೆಳೆದ ಊರನ್ನು ನನಗೇ ತೋರಿಸಿಕೊಡುತ್ತಿದ್ದರು.

ಹಲಗೆಯ ಮುಂದೆ ಬಂದೆವು. ಎಲ್ಲ ಬಿಲ್ಲೆಗಳನ್ನೂ ತಿಕ್ಕಿ ಹೊಳಪು ಮಾಡಿದ್ದರು. ಮೇಲಿನ ಸಾಲಿನಲ್ಲಿ ಒಂದು ಮೊಳೆ ಮಾತ್ರ ಖಾಲಿ. ಸುಮಿ ಅದನ್ನು ತೋರಿಸಿ, ಇದು ನನ್ನ ಅಪ್ಪನದು, ಬಿಲ್ಲೆ ಕಳೆದುಹೋಯಿತು, ಇಲ್ಲಿಯ ನಿಯಮದ ಪ್ರಕಾರ ಅವನು ಇನ್ನೂ ಒಳಗೇ ಇದ್ದಾನೆ, ಅದಕ್ಕೇ ನಾನು ದಿನಾ ಮನೆಗೆ ಹೋಗುವ ಮುಂಚೆ "ಅಪ್ಪಾ, ನಾ ಹೊಂಟೆ" ಎಂದು ಹೇಳಿ ಹೋಗುತ್ತೇನೆ ಅಂದಳು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು. ನಾನು ಅಪ್ಪನನ್ನು ಕಳೆದುಕೊಂಡು ಕೂತಿದ್ದರೆ ಇವಳು ದಿನಾ ಅವನ ಜೊತೆ ಮಾತಾಡುತ್ತಿದ್ದಾಳೆ. ಪರ್ಸಿನೊಳಗೆ ಕೈ ಹಾಕಿ ಗಂಟನ್ನು ಹಿಡಿದೆ. ಬಾಯಿಪಾಠ ಮಾಡಿದ ಮಾತು ನಾಲಗೆಯವರೆಗೆ ಬಂತು, ಮುಂದೆ ಬರಲಿಲ್ಲ. ಅವರೆಲ್ಲ ಪಕ್ಕದ ಕ್ರಶರ್ ಹಾಲಿಗೆ ನಡೆದರು. ನಾನೊಬ್ಬಳೇ ಹಲಗೆಯ ಕೆಳಗೆ ಉಳಿದೆ.

ಕೈ ಹೊರತೆಗೆದು ಪರ್ಸಿನ ಜಿಪ್ ಎಳೆದು ಮುಚ್ಚಿದೆ. ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಆಗ ಐದರ ಸೈರನ್ ಕೂಗಿತು. ಹಳೆಯ ಸೈರನ್ನನ್ನೇ ದುರಸ್ತಿ ಮಾಡಿಸಿ ಬಂದವರ ಸಂತೋಷಕ್ಕೆ ದಿನಾ ಕೂಗಿಸುತ್ತಾರಂತೆ. ನನಗದು ಗೊತ್ತಿರಲಿಲ್ಲ. ಮೈ ಝುಂ ಎಂದು ಕಣ್ಣು ಮುಚ್ಚಿದೆ. ಗ್ರೀಸ್ ವಾಸನೆ ಬಂತು. ಬಂತೋ, ನೆನಪಾಯಿತೋ, ಆಣೆ ಮಾಡಿ ಹೇಳಲಾರೆ. ಸೈರನ್ ನಿಂತ ಮೇಲೆ ಕಣ್ಣು ಬಿಟ್ಟು ತಲೆ ಎತ್ತಿದೆ. ಹನ್ನೊಂದನೇ ಮೊಳೆಯಲ್ಲಿ ಬಿಲ್ಲೆ ಇತ್ತು. ಸಣ್ಣಗೆ ಓಲಾಡುತ್ತಿತ್ತು. ಉಳಿದವೆಲ್ಲ ಫಳಫಳ, ಅದೊಂದು ಕಂದಿದ್ದು.

ಪರ್ಸು ನೋಡಿದೆ. ಜಿಪ್ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು, ತೆರೆದೆ. ಕರವಸ್ತ್ರಕ್ಕೆ ಹಾಕಿದ ಗಂಟು ಗಂಟಾಗಿಯೇ ಇತ್ತು. ಬಿಚ್ಚಿದೆ, ಒಳಗೆ ಏನೂ ಇರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ, ಸುಮಿ ನನ್ನನ್ನು ಹುಡುಕಿಕೊಂಡು ಬಂದಳು. ನನ್ನ ಮುಖ ನೋಡಿದಳು, ಮೇಲೆ ನೋಡಿದಳು. ಬಾಯಿಗೆ ಸೆರಗು ಹಿಡಿದಳು.

"ಹನ್ನೊಂದು ಹೊರಗ ಬಂತು" ಅಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಎಲ್ಲಿ ಸಿಕ್ತ ಅಕ್ಕಾ?"

"ಹಳೇ ಟ್ರಂಕಿನ್ಯಾಗ" ಅಂದೆ. ಸುಳ್ಳು ಹೇಳಲು ಆಗಲೂ ತಡವಾಗಲಿಲ್ಲ ನೋಡಿ.

"ಅಪ್ಪ ಮನೀಗೆ ಹೋದ. ಇನ್ನ ನಾ ಯಾರಿಗೆ ಹೇಳಿ ಹೋಗ್ಲಿ?" ಎಂದು ನನ್ನನ್ನು ತಬ್ಬಿಕೊಂಡಳು. ಭುಜದ ಮೇಲೆ ಸ್ವಲ್ಪ ಹೊತ್ತು ಅತ್ತು, ತಲೆ ಎತ್ತಿ ಮತ್ತೊಮ್ಮೆ ಮೇಲಿನ ಸಾಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಲ್ಲೀತನಾ ನಿನಗ ಹ್ಯಾಂಗ ನಿಲುಕಿತ?"

"ಸ್ಟೂಲ್ ಹತ್ತಿದ್ದೆ."

ಅವಳು ಸುತ್ತಲೂ ಕಣ್ಣಾಡಿಸಿದಳು. ಆ ಕೋಣೆಯಲ್ಲಿ ಸ್ಟೂಲ್ ಇರಲಿಲ್ಲ, ಕುರ್ಚಿ ಇರಲಿಲ್ಲ, ಒಂದು ಇಟ್ಟಿಗೆ ಕೂಡ ಇರಲಿಲ್ಲ. ಸುಮಿ ನನ್ನ ಕೈ ಹಿಡಿದಳು. "ಬಾ, ಚಾ ಕುಡಿಯೂಣು" ಅಂದಳು.

ಮನೆಗೆ ಬಂದು ಸೀರೆ, ಕುಪ್ಪಸ ಎರಡನ್ನೂ ದೀಪದ ಕೆಳಗೆ ಹಿಡಿದು ನೋಡಿದೆ. ಕಂಕುಳ ಕೆಳಗೆ ಎರಡೂ ಕಡೆ ಕೆಂಪು ಇತ್ತು. ಆದರೆ ಅಂಚಿನಲ್ಲೂ ಇತ್ತು, ಸೆರಗಿನಲ್ಲೂ ಇತ್ತು. ಆ ಊರಿಗೆ ಹೋಗಿಬಂದವರ ಬಟ್ಟೆಯಲ್ಲಿ ಕೆಂಪು ಎಲ್ಲಿ ಇರುವುದಿಲ್ಲ? ಇದನ್ನೇ ಯಾರಾದರೂ ಕ್ಲೇಮಿಗೆ ಪುರಾವೆ ಎಂದು ತಂದಿದ್ದರೆ ನಾನು ಅವತ್ತೇ ವಾಪಸು ಕಳಿಸುತ್ತಿದ್ದೆ.

ಇನ್ನು ದಾಖಲೆಯ ಮಾತು. ಆ ಕೋಣೆಯ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಸುಮಿಗೆ ಹೇಳಿದ್ದರೆ ಐದು ನಿಮಿಷದ ಕೆಲಸ. ಅದರ ಚಿತ್ರವನ್ನು ಒಂದು ತಿಂಗಳು ಇಟ್ಟುಕೊಂಡು ಅಳಿಸುತ್ತಾರೆ ಎಂದೂ ತಿಳಿದಿತ್ತು. ಆ ತಿಂಗಳು ಪೂರ್ತಿ ದಿನಾ ಫೋನ್ ಕೈಗೆತ್ತಿಕೊಂಡೆ, ದಿನಾ ಕೆಳಗಿಟ್ಟೆ. ಬಿಲ್ಲೆಯನ್ನು ನಾನೇ ತೂಗುಹಾಕಿದ್ದರೆ ನನ್ನನ್ನು ಯಾರೋ ಎತ್ತಿರಬೇಕು. ನಾನು ಹಾಕಿಲ್ಲವಾದರೆ ಅಪ್ಪ ನನ್ನ ಪರ್ಸಿನಿಂದ, ನನ್ನ ಕೈ ಕೆಳಗಿನಿಂದ ಎದ್ದು ತಾನಾಗಿ ಸುಮಿಯ ಕಡೆಗೆ ಹೋದ. ಕ್ಯಾಮೆರಾದಲ್ಲಿ ಎರಡನೆಯದು ಕಂಡುಬಿಟ್ಟರೆ? ಆ ಭಯಕ್ಕೆ ಕೇಳಲಿಲ್ಲ. ಜೀವಮಾನವೆಲ್ಲ ಊರವರಿಂದ ದಾಖಲೆ ಕೇಳಿದವಳು, ನನ್ನ ಪಾಳಿ ಬಂದಾಗ ಬೇಡವೆಂದೆ.

ಸುಮಿ ಈಗ ಬಂದವರಿಗೆಲ್ಲ, ಕಳೆದುಹೋದ ಬಿಲ್ಲೆಯನ್ನು ನನ್ನ ಅಕ್ಕ ಹುಡುಕಿ ತಂದಳು, ಅಪ್ಪನನ್ನು ಹೊರಗೆ ತಂದವಳು ಅಕ್ಕ ಎಂದು ಹೇಳುತ್ತಾಳಂತೆ. ಕಥೆಯಲ್ಲಿ ನನಗೆ ಜಾಗ ಸಿಕ್ಕಿದೆ. ಅದೂ ಅವಳು ಕೊಟ್ಟದ್ದೇ ಎಂದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಪ್ಪ ಕೊನೆಗೆ ಹೇಳಿದ ಮಾತನ್ನು ಅವಳಿಗೆ ಇನ್ನೂ ಹೇಳಿಲ್ಲ.

ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ. ಐದು ಗಂಟೆಗೆ ಜನವೆಲ್ಲ ಕ್ರಶರ್ ಹಾಲಿಗೆ ಹೋದ ಮೇಲೆ, ಸೈರನ್ ಕೂಗುವ ಹೊತ್ತಿಗೆ ಹಲಗೆಯ ಕೆಳಗೆ ನಿಂತು ಕೈ ಚಾಚಿ ನೋಡುತ್ತೇನೆ. ಹನ್ನೊಂದನೇ ಮೊಳೆ ಒಂದು ಗೇಣು ಮೇಲಿರುತ್ತದೆ. ಆಮೇಲೆ ಇನ್ನೊಂದು ಕೈಯನ್ನೂ ಎತ್ತಿ, ಸೈರನ್ ನಿಲ್ಲುವವರೆಗೆ ಹಾಗೇ ನಿಂತಿರುತ್ತೇನೆ.